ಎರಡೇ ದಿನಕ್ಕೆ ಕರ್ರಗಾದ ಆಯಿಲ್

ಗೆಳೆಯರೇ, ಮಾನ್ವಿ ಸುತ್ತ ಇಂಜಿನ್ ಆಯಿಲ್ ಬಗ್ಗೆ ನನಗಿಂತ ಬಲ್ಲವರಿಲ್ಲ. ಆದರೂ ಇವತ್ತು ಆಯಿಲ್ ಅಂಗಡಿಯ ಶರಣಮ್ಮನಿಂದ ಪಾಠ ಹೇಳಿಸಿಕೊಂಡು ಬಂದೆ.

ಜಗಳಕ್ಕೆ ಹೋದವನು ನಾನೇ. "ಎಂಥಾ ಆಯಿಲ್ ಕೊಟ್ಟಿ ಯವ್ವಾ? ಎರಡು ದಿನ ಗದ್ದಿ ಹೊಡದ್ರ ಕರ್ರಗಾಗ್ಯಾದ. ಟ್ರ್ಯಾಕ್ಟರ್ ಕೆಟ್ರ ನಾಟಿ ಹೆಂಗ ಮಾಡ್ಲಿ? ನಮ್ಮ ಬಾಜೂ ಮನಿ ಅಮರೇಶಂದು ಆರು ತಿಂಗಳಾದ್ರೂ ಜೇನಿನಂಗ ಅದ. ಅಂವ ಹಾಕೂದೇ ಕೊಡು."

"ಕಾಕಾ, ಆಯಿಲ್ ಇಂಜಿನ್ ಒಳಗಿನ ಮಸಿ ತೊಳಿತದ, ಅದಕ್ಕ ಕರ್ರಗಾಗ್ತದ. ನೀವು ಮೈ ತೊಳಕೊಂಡ ನೀರು ತಿಳಿ ಇರ್ತದೇನ್ರಿ?"

"ಹಂಗಾರ ಅಮರೇಶಂದು?"

"ಆರು ತಿಂಗಳಾದ್ರೂ ತಿಳಿ ಅದ ಅಂದ್ರ ಆ ಟ್ರ್ಯಾಕ್ಟರ್ ಮನಿ ಬಿಟ್ಟು ಹೋಗಿಲ್ರಿ."

ದಿನಾ ಹತ್ತು ಎಕರೆ ಹೊಡೆದೆ ಎಂದು ಕಟ್ಟೆಯ ಮೇಲೆ ಕೊಚ್ಚಿಕೊಳ್ಳುವವನು ಇದೇ ಅಮರೇಶ. ಸಂಜೆ ಎಲ್ಲರೆದುರು ಅವನ ಟ್ರ್ಯಾಕ್ಟರಿನ ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸುವವನಿದ್ದೇನೆ. ಒರೆಸಲು ನನ್ನ ಬಿಳಿ ಟವೆಲ್ಲೇ ಸಾಕು, ಮಸಿ ಹತ್ತುವ ಭಯವಿಲ್ಲ.