ಕಣ್ಣು ನನ್ನದು, ಚೀಟಿ ಚಿಕ್ಕಪ್ಪನದು

ಪಂಚೇಂದ್ರಿಯಗಳಲ್ಲಿ ಕಣ್ಣೇ ಶ್ರೇಷ್ಠ ಎಂಬ ವಿಷಯದಲ್ಲಿ ಹಿರಿಯರಿಗೆ ಎಂದೂ ಭಿನ್ನಾಭಿಪ್ರಾಯ ಇದ್ದಂತಿಲ್ಲ. ಕಣ್ಣನ್ನು ದೇವರು ಕೊಟ್ಟ ದೀಪವೆಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ನಮ್ಮ ಮನೆಯ ಹಿರಿಯರು, ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆಂದರೆ ಸಾಕು, ಮೊಟ್ಟಮೊದಲು ನನ್ನ ಕನ್ನಡಕ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದರು.

ಇದು ಅರವತ್ತರ ದಶಕದ ಮಾತು. ಭದ್ರಾವತಿಯ ಹಳೇನಗರದಲ್ಲಿ ನಮ್ಮ ಮನೆ. ನಾನು ಅಲ್ಲೇ ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಚಿಕ್ಕಪ್ಪನಿಗೆ ಬಂದಿತ್ತು. ಅವರು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಕಾದ ಕಬ್ಬಿಣವನ್ನು ಕಿಟಕಿಯಿಂದಲೇ ನೋಡಿದವರಾದರೂ, ಅದನ್ನು ದಿನವೂ ತಾವೇ ಬಡಿದು ನೆಟ್ಟಗೆ ಮಾಡುವವರ ಗತ್ತು ಅವರಲ್ಲಿತ್ತು. ಮನೆಯಲ್ಲಿ ನೆಟ್ಟಗಾಗಬೇಕಾಗಿದ್ದದ್ದು ನಾನೊಬ್ಬಳೇ.

ನನ್ನ ಕಣ್ಣಿನ ನಂಬರು ಮೈನಸ್ ಎಂಟು. ಶಾಲೆಯ ಮಕ್ಕಳು ಬೆನ್ನ ಹಿಂದೆ ಸೋಡಾಬುಡ್ಡಿ ಎನ್ನುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ; ವರ್ಣನೆ ಸರಿಯಾಗಿಯೇ ಇತ್ತು. ಕನ್ನಡಕ ತೆಗೆದರೆ ಒಂದು ಗೇಣಿನಾಚೆಗಿನ ಲೋಕವೆಲ್ಲ ಕಲಸಿದ ಹಿಟ್ಟಿನಂತೆ ಕಾಣುತ್ತಿತ್ತು. ಆ ಹಿಟ್ಟಿನ ನಡುವೆ ತಟ್ಟೆ ಹಿಡಿದು ನಡೆದು, ಬಂದವರಿಗೆ ಉಪ್ಪಿಟ್ಟು ಕೊಟ್ಟು, ಹಿರಿಯರಿಗೆ ನಮಸ್ಕಾರ ಮಾಡಿ ಬರಬೇಕು. ಇದಕ್ಕೆ ಹೆಣ್ಣು ನೋಡುವ ಶಾಸ್ತ್ರ ಎಂದು ಹೆಸರು. ಹೆಣ್ಣು ತಾನೂ ನೋಡುವುದಕ್ಕೆ ಅದರಲ್ಲಿ ಅವಕಾಶವಿಲ್ಲ ಎಂಬುದನ್ನು ಹೆಸರಿಟ್ಟವರು ಬಚ್ಚಿಟ್ಟಿರಲಿಲ್ಲ.

ಮೊದಲ ಸಲ ತೀರ್ಥಹಳ್ಳಿ ಕಡೆಯವರು ಬಂದಾಗ ಅಮ್ಮ ಒಳಗೆ ಕಿವಿಯಲ್ಲಿ ಹೇಳಿದ್ದಳು: "ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರೋರು ಹುಡುಗನ ತಂದೆ ಕಣೇ. ಮೊದಲು ಅವರಿಗೇ ನಮಸ್ಕಾರ ಮಾಡು." ನಾನು ಹೋಗಿ ಬಾಗಿಲ ಪಕ್ಕದ ಕುರ್ಚಿಗೆ ಭಕ್ತಿಯಿಂದ ಅಡ್ಡಬಿದ್ದೆ. ಆಶೀರ್ವಾದ ಬರಲಿಲ್ಲ. ಇನ್ನೊಮ್ಮೆ ಅಡ್ಡಬಿದ್ದೆ. ಆಮೇಲೆ ಗೊತ್ತಾಯಿತು, ಹುಡುಗನ ತಂದೆ ಕಾಲು ತೊಳೆಯಲು ಬಚ್ಚಲಿಗೆ ಹೋಗಿದ್ದರು. ಕುರ್ಚಿಯ ಬೆನ್ನಿಗೆ ಅವರ ಕೋಟು, ಕೋಟಿನ ಮೇಲೆ ಅವರ ಪೇಟ ಇದ್ದವು.

ಹುಡುಗಿಗೆ ಬುದ್ಧಿ ಸ್ವಲ್ಪ ಸರಿಯಿಲ್ಲವೆಂದು ಕಾಣುತ್ತದೆ ಎಂದು ಅವರು ಹೇಳಿ ಕಳುಹಿಸಿದರು. ಅಮ್ಮ ಅತ್ತಳು. ಚಿಕ್ಕಪ್ಪ ಮಾತ್ರ ನೆಮ್ಮದಿಯಿಂದ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಹೋಗ್ಲಿ ಬಿಡಿ ಅತ್ತಿಗೆ. ಕಣ್ಣಿನ ವಿಷಯ ಹೊರಗೆ ಬೀಳಲಿಲ್ವಲ್ಲ, ಅದೇ ಪುಣ್ಯ."

ಹುಚ್ಚಿಯೆನಿಸಿಕೊಳ್ಳಬಹುದು, ಕನ್ನಡಕದವಳೆನಿಸಿಕೊಳ್ಳಬಾರದು. ಆ ಸಂಜೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಅದಾದ ಮೇಲೆ ಚಿಕ್ಕಪ್ಪ ಆಫೀಸಿನಿಂದ ಒಂದು ಸುದ್ದಿ ತಂದರು. ಮದ್ರಾಸಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಎಂಬುದನ್ನು ಮಾಡುತ್ತಾರಂತೆ. ಉದ್ದಿನ ಬೇಳೆಗಿಂತ ಸ್ವಲ್ಪ ದೊಡ್ಡದಂತೆ. ಕಣ್ಣೊಳಗೇ ಇಟ್ಟುಕೊಂಡರೆ ಹೊರಗಿನವರಿಗೆ ಕಾಣುವುದೇ ಇಲ್ಲವಂತೆ. ಶಿವಮೊಗ್ಗದ ಕಣ್ಣಿನ ಡಾಕ್ಟರಿಂದ ಚೀಟಿ ಬರೆಸಿಕೊಂಡರೆ ಆಯಿತು. ಹೊತ್ತಿಗೆ ಸರಿಯಾಗಿ ಶಿವಮೊಗ್ಗದ ಒಬ್ಬ ಓವರ್‌ಸಿಯರ್‌ನ ಜಾತಕವೂ ಕೂಡಿಬಂದಿತ್ತು.

ನಾನು ಒಪ್ಪಿದೆ. ನನ್ನ ಕಾರಣ ಬೇರೆ. ಮದುವೆಯಾಗು ಎಂದು ಇವರು ತೋರಿಸುವ ಮನುಷ್ಯನ ಮುಖವನ್ನು, ತಾಳಿ ಕಟ್ಟಿಸಿಕೊಳ್ಳುವ ಮೊದಲು ಒಂದು ಸಲ, ನನ್ನ ಕಣ್ಣಾರೆ ನೋಡಬೇಕಾಗಿತ್ತು. ಇಷ್ಟು ದೊಡ್ಡ ದುರಾಸೆಯನ್ನು ಬಾಯಿಬಿಟ್ಟು ಹೇಳಲಿಲ್ಲ.

ಒಂದು ಶನಿವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರ ಶಾಪಿನಲ್ಲಿ ಜನವೋ ಜನ. ಸರದಿ ಬಂದಾಗ ಡಾಕ್ಟರು ನನ್ನ ಮೂಗಿನ ಮೇಲೆ ಒಂದು ಭಾರದ ಚೌಕಟ್ಟು ಕೂರಿಸಿ, ಅದರೊಳಗೆ ಗಾಜಿನ ಬಿಲ್ಲೆಗಳನ್ನು ಒಂದೊಂದಾಗಿ ಇಳಿಬಿಡುತ್ತ, ಗೋಡೆಯ ಮೇಲಿನ ಅಕ್ಷರ ತೋರಿಸಿ ಕೇಳಿದರು.

"ಇದು ಚೆನ್ನಾಗಿ ಕಾಣುತ್ತಾ, ಅದಾ?"

"ಎರಡನೇದು ಡಾಕ್ಟ್ರೇ" ಎಂದರು ಚಿಕ್ಕಪ್ಪ.

ನಾನು ತಿರುಗಿ ನೋಡಿದೆ. ಅವರು ಹಿಂದಿನ ಬೆಂಚಿನ ಮೇಲೆ ಕೂತು, ತಮ್ಮ ಬರಿಗಣ್ಣಿನಿಂದ ಗೋಡೆ ನೋಡುತ್ತಿದ್ದರು.

"ಈಗ?"

"ಈಗ ಇನ್ನೂ ಚೆನ್ನಾಗಿದೆ. ಮೂರನೇ ಸಾಲು ಪೂರ್ತಿ ಕಾಣ್ತಿದೆ."

"ಸ್ವಾಮಿ, ಚೌಕಟ್ಟು ಹಾಕಿರೋದು ಹುಡುಗಿಗೆ. ಅವಳು ಹೇಳ್ಲಿ."

"ಅವಳಿಗೆ ಸಂಕೋಚ ಡಾಕ್ಟ್ರೇ. ಹೊರಗಿನ ಗಂಡಸರ ಹತ್ರ ಮಾತಾಡಲ್ಲ."

ದಿನಕ್ಕೆ ಆರು ತರಗತಿಗಳಲ್ಲಿ ಗಂಟಲು ಹರಿಯುವಂತೆ ಕೂಗಿ ಪಾಠ ಹೇಳುತ್ತಿದ್ದವಳು ನಾನು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಎಡಗಣ್ಣನ್ನೂ ತೀರ್ಮಾನಿಸಿಬಿಟ್ಟಿದ್ದರು. ಹೊರಗೆ ಕಾದಿದ್ದವರ ಗಲಾಟೆ ಹೆಚ್ಚುತ್ತಿತ್ತು. ಡಾಕ್ಟರು ಸಾಕಾಗಿ ಚೀಟಿ ಬರೆದರು.

ಬರೆದು ಕೊಡುವಾಗ ಚಿಕ್ಕಪ್ಪ ಮದ್ರಾಸಿನ ವಿಷಯ ತೆಗೆದರು. ಡಾಕ್ಟರು ಪೆನ್ನು ಕೆಳಗಿಟ್ಟು, ಮೊದಲ ಸಲ ನನ್ನ ಕಡೆ ತಿರುಗಿದರು.

"ನೋಡಮ್ಮ, ಈ ಚೀಟಿ ಕನ್ನಡಕಕ್ಕೆ ಮಾತ್ರ. ಕನ್ನಡಕ ಕಣ್ಣಿಂದ ಒಂದು ಬೆರಳು ದೂರ ಇರುತ್ತೆ. ಆ ಲೆನ್ಸು ಕಣ್ಣಿನ ಮೇಲೇ ಕೂರುತ್ತೆ. ದೂರ ಬದಲಾದ್ರೆ ನಂಬರೂ ಬದಲಾಗಬೇಕು. ನಿನ್ನ ಹಾಗೆ ನಂಬರ್ ಜಾಸ್ತಿ ಇರೋರಿಗೆ ಚೆನ್ನಾಗೇ ವ್ಯತ್ಯಾಸ ಬರುತ್ತೆ. ಅದೊಂದೇ ಅಲ್ಲ. ಕರಿಗುಡ್ಡೆ ಮುಂದೆ ಉಬ್ಬಿಕೊಂಡಿರುತ್ತಲ್ಲ, ಆ ಉಬ್ಬು ಒಬ್ಬೊಬ್ಬರಿಗೆ ಒಂದೊಂದು ಥರ. ಅದನ್ನ ಅಳೆಯೋ ಯಂತ್ರ ಬೇರೆ ಇದೆ, ನನ್ನ ಹತ್ರ ಇಲ್ಲ. ನೀನೇ ಮದ್ರಾಸಿಗೆ ಹೋಗಿ ಅಳತೆ ಕೊಡಬೇಕು."

"ಬಳೆ ತೊಡಿಸೋರು ಮೊದಲು ಕೈ ಅದುಮಿ ನೋಡ್ತಾರಲ್ಲ, ಹಾಗಾ?" ಎಂದು ಕೇಳಿದೆ.

"ಹಾಂ, ಹಾಗೇ. ಬಣ್ಣ ಹೇಳಿ ಕಳಿಸಿದ್ರೆ ಬಳೆ ಕೈಗೆ ಏರಲ್ಲ. ಇದು ಕೈಯಲ್ಲ, ಕಣ್ಣು. ಅಳತೆ ತಪ್ಪಿದ್ರೆ ಉಜ್ಜಿ ಉಜ್ಜಿ ಹುಣ್ಣಾಗುತ್ತೆ."

ಎಲ್ಲವೂ ನನಗೆ ಅರ್ಥವಾಗಿತ್ತು. ಅರ್ಥವಾಗಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಚೀಟಿ ಚಿಕ್ಕಪ್ಪನ ಜೇಬಿನಲ್ಲಿತ್ತು.

ಬಸ್ಸು ಮಾಚೇನಹಳ್ಳಿ ದಾಟುವವರೆಗೂ ನಾನು ಅವರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, ಬಹಳ ಸಹನೆಯಿಂದ ನನಗೇ ತಿಳಿಸಿಕೊಟ್ಟರು.

"ಅಲ್ವೇ ಮಾರಾಯ್ತಿ, ಮದುವೆ ಅನ್ನೋದು ಎಷ್ಟು ದೊಡ್ಡ ವಿಷಯ. ಅದಕ್ಕೇ ನಾವು ಏನು ಕಳಿಸ್ತೀವಿ? ಜಾತಕ. ಹುಡುಗಿನೇ ಹೊತ್ಕೊಂಡು ಹೋಗ್ತೀವಾ? ಜಾತಕ ನೋಡಿ ಕೂಡುತ್ತೋ ಇಲ್ವೋ ಅಂತ ಅವರೇ ಹೇಳ್ತಾರೆ. ಚೀಟಿನೂ ಹಾಗೇನೇ. ಕಳಿಸಿದ್ರೆ ಆಯ್ತು."

"ಜಾತಕ ತಪ್ಪಿದ್ರೆ ಕಣ್ಣು ಹುಣ್ಣಾಗಲ್ಲ ಚಿಕ್ಕಪ್ಪ."

"ಮದುವೆಯಾಗದ ಹುಡುಗಿ ಮದ್ರಾಸಿಗೆ ಯಾಕೆ ಹೋಗಿದ್ಲು ಅಂತ ಯಾರಾದ್ರೂ ಕೇಳಿದ್ರೆ ನೀನು ಉತ್ತರ ಹೇಳ್ತೀಯಾ? ಸುಮ್ನೆ ಕೂತ್ಕೊ. ಕಣ್ಣು ಎಲ್ಲರದ್ದೂ ಗುಂಡಗೇ ಇರುತ್ತೆ."

ಮನೆಗೆ ಬಂದವರೇ ಚೀಟಿಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ನಡುವೆ ಕುಂಕುಮ ಇಟ್ಟು, ದೇವರ ಮುಂದಿಟ್ಟು ತೆಗೆದರು. ಕುಂಕುಮ ಸರಿಯಾಗಿ ಬಲಗಣ್ಣಿನ ನಂಬರಿನ ಮೇಲೆ ಬಿತ್ತು. ಆಫೀಸಿನ ಯಾರೋ ಒಬ್ಬರು ಊರಿಗೆಂದು ಮದ್ರಾಸಿಗೆ ಹೊರಟಿದ್ದರು. ಅವರ ಕೈಯಲ್ಲಿ ಚೀಟಿ ಹೋಯಿತು. ಅದನ್ನು ನೋಡಿ ಮರಳಿ ಕಳುಹಿಸುವಷ್ಟು ವಿವೇಕ ಅಲ್ಲಿನ ಯಾವುದಾದರೂ ಅಂಗಡಿಗೆ ಇರಬಹುದೆಂದು ನಾನು ನಂಬಿದ್ದೆ. ಹುಡುಕಿ ಹುಡುಕಿ ವಿವೇಕವಿಲ್ಲದ ಅಂಗಡಿಗೇ ಹೋಗಿರಬೇಕು. ಹತ್ತಿಯಲ್ಲಿ ಸುತ್ತಿದ ಎರಡು ಬಿಲ್ಲೆಗಳು ಪುಟ್ಟ ಡಬ್ಬಿಯಲ್ಲಿ ಮನೆಗೆ ಬಂದವು. ಜಾತಕ ಕೂಡಿಬಂತೆಂದು ಚಿಕ್ಕಪ್ಪ ಎಲ್ಲರಿಗೂ ಕಲ್ಲುಸಕ್ಕರೆ ಕೊಟ್ಟರು.

ಓವರ್‌ಸಿಯರ್‌ನ ಕಡೆಯವರು ಬಂದ ದಿನ ಅಮ್ಮ ನನ್ನ ರೆಪ್ಪೆ ಬಿಡಿಸಿ ಹಿಡಿದಳು. ನಾನೇ ಬಿಲ್ಲೆಗಳನ್ನು ಕಣ್ಣಿಗಿಟ್ಟುಕೊಂಡೆ. ಒಂದು ಕ್ಷಣ, ಸುಳ್ಳೇಕೆ ಹೇಳಲಿ, ಗೋಡೆಯ ಮೇಲಿನ ಹಲ್ಲಿಯ ಬೆರಳುಗಳು ಕಂಡವು. ಮರುಕ್ಷಣ ಕಣ್ಣಿಗೆ ಮರಳು ಸುರಿದು ಉಜ್ಜಿದಂತಾಯಿತು. ನೀರು ಕಿತ್ತುಕೊಂಡು ಬಂತು.

"ತೆಗೀತೀನಿ" ಎಂದೆ.

"ಅವರು ಹೋಗೋ ತನಕ ತಡ್ಕೊಳೇ" ಎಂದರು ಚಿಕ್ಕಪ್ಪ ಬಾಗಿಲ ಸಂದಿಯಿಂದ. "ನಿನ್ನ ಒಳ್ಳೇದಕ್ಕೇ ಹೇಳೋದು."

ಬಂದವನನ್ನು ನೋಡಬಹುದೆಂಬ ಆಸೆ ಇನ್ನೂ ಇತ್ತು. ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ನಡುಮನೆಗೆ ಹೋದೆ. ಎದುರಿಗೆ ಹಿಟ್ಟು ಹೋಗಿ ಈಗ ನೀರು ಬಂದಿತ್ತು, ಅಷ್ಟೇ ವ್ಯತ್ಯಾಸ. ಕೆನ್ನೆ, ಗದ್ದ, ಸೀರೆಯ ಅಂಚು ಎಲ್ಲ ತೊಯ್ಯುತ್ತಿದ್ದವು. ಹುಡುಗನ ತಾಯಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಯಾಕಮ್ಮಾ ಹೀಗೆ ಅಳ್ತಿದೀಯ? ಮನಸ್ಸಿಲ್ವಾ? ಯಾರಾದ್ರೂ ಬಲವಂತ ಮಾಡಿದಾರಾ?"

"ಛೇ ಛೇ, ಅಳು ಎಲ್ಲಿ ಬಂತು" ಎಂದು ಚಿಕ್ಕಪ್ಪ ಮುಂದೆ ಬಂದರು. "ಈರುಳ್ಳಿ. ಒಳಗೆ ಈರುಳ್ಳಿ ಹೆಚ್ತಾ ಇದ್ಲು, ಅದಕ್ಕೇ."

ನಮ್ಮದು ಈರುಳ್ಳಿ ಹೊಸಿಲು ದಾಟದ ಮನೆ. ಅವರದು ಇನ್ನೂ ಒಂದು ಕೈ ಮೇಲು. ಆ ತಾಯಿಯ ಬಾಯಿಗೆ ಹೊರಟಿದ್ದ ಉಪ್ಪಿಟ್ಟು ತಟ್ಟೆಗೆ ಮರಳಿದ ಸದ್ದು ನನಗೆ ಕೇಳಿಸಿತು.

"ನಿಮ್ಮಲ್ಲಿ ಈರುಳ್ಳಿ ನಡೆಯುತ್ತಾ?"

"ಇಲ್ಲಪ್ಪ, ಎಲ್ಲಾದ್ರೂ ಉಂಟಾ! ಅದು ಪಕ್ಕದ ಮನೆಯವರಿಗೆ."

"ಪಕ್ಕದ ಮನೆಗೆ ನಿಮ್ಮ ಹುಡುಗಿ ಅಡುಗೆ ಮಾಡಿ ಹಾಕ್ತಾಳಾ?"

"ಅಡುಗೆ ಅಲ್ಲ... ಬರೀ ಹೆಚ್ಚೋದು."

ಆಗ ಕಿಟಕಿಯ ಕಡೆಯಿಂದ ಯಾರೋ ನಕ್ಕದ್ದು ಕೇಳಿಸಿತು. ಬಾಯಿಗೆ ಏನೋ ಅಡ್ಡ ಹಿಡಿದು ಅದುಮಿದ ನಗು. ಅಲ್ಲಿ ಕೂತಿದ್ದದ್ದು ಹುಡುಗ ಮತ್ತು ಅವನ ಸ್ನೇಹಿತ ಎಂದಷ್ಟೇ ನನಗೆ ಗೊತ್ತಿತ್ತು. ನಕ್ಕವನು ಯಾರು? ನನ್ನ ಕಣ್ಣು ಉರಿದು ಹೋಗುತ್ತಿರುವಾಗ, ಚಿಕ್ಕಪ್ಪ ಈರುಳ್ಳಿ ಹೆಚ್ಚುತ್ತಿರುವಾಗ, ನನಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

ಅಲ್ಲೇ ಕೂತು ರೆಪ್ಪೆಯಂಚು ಎಳೆದು ಎರಡೂ ಬಿಲ್ಲೆಗಳನ್ನು ಉದುರಿಸಿದೆ. ಕಾಫಿ ಬಟ್ಟಲಿನಲ್ಲಿಟ್ಟೆ. ಎದ್ದು ಗೋಡೆ ತಡವಿಕೊಂಡು ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬದಲ್ಲಿ ಮೊಣಕೈವರೆಗೆ ಕೈ ಇಳಿಸಿ ಕನ್ನಡಕ ಎತ್ತಿದೆ. ಸೆರಗಿನಿಂದ ಒರೆಸಿ ಹಾಕಿಕೊಂಡು ಬಂದು ನಡುಮನೆಯ ಮಧ್ಯೆ ನಿಂತು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದೆ. ಕನ್ನಡಕದ ಕಡ್ಡಿಯಿಂದ ಅಕ್ಕಿಕಾಳೊಂದು ಬಿತ್ತು.

ಸ್ನೇಹಿತ ಪಾಪ, ತಲೆ ತಗ್ಗಿಸಿ ಕೂತಿದ್ದ. ನಗುತ್ತಿದ್ದವನು ಹುಡುಗ; ತಾಯಿಯ ಮೂಗೇ ಅವನಿಗೂ ಇತ್ತು. ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಮೊಣಕೈಯಿಂದ ಸ್ನೇಹಿತನನ್ನು ತಿವಿಯುತ್ತ, ನನ್ನ ಕೆಂಪು ಕಣ್ಣುಗಳನ್ನೇ ತೋರಿಸುತ್ತಿದ್ದ. ನಾನು ನೋಡುತ್ತಿದ್ದೇನೆಂದು ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ತನ್ನನ್ನೂ ಯಾರಾದರೂ ನೋಡಬಹುದೆಂದು ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಆಶ್ಚರ್ಯವೆಂದರೆ ಅವರಿಂದ ಒಪ್ಪಿಗೆ ಬಂತು. ಹುಡುಗಿ ಸಂಬಳ ತರುವವಳಾದ್ದರಿಂದ ಕನ್ನಡಕದ ಬಗ್ಗೆ ಅಭ್ಯಂತರವಿಲ್ಲ, ಈರುಳ್ಳಿ ಮಾತ್ರ ಬಿಡಬೇಕು ಎಂದು ಹೇಳಿ ಕಳುಹಿಸಿದ್ದರು. ನಾನು ಆಗುವುದಿಲ್ಲ ಎಂದೆ.

"ಅವರೇ ಒಪ್ಪಿದ ಮೇಲೆ ನೀನು ಯಾರೇ ಒಪ್ಪದೇ ಇರೋಕೆ?" ಎಂದು ಚಿಕ್ಕಪ್ಪ ಕೂಗಾಡಿದರು. "ಅವನಲ್ಲಿ ಏನು ಕಮ್ಮಿ ಕಂಡೆ?"

"ಕಂಡದ್ದನ್ನ ಹೇಳಿದ್ರೆ ನೀವು ನಂಬಲ್ಲ. ಆದ್ರೆ ಕಂಡೆ."

ಅಮ್ಮ ಅಕ್ಕಿ ಡಬ್ಬವನ್ನು ಒಯ್ದು ಕೈಗೆಟುಕದ ಅಟ್ಟದ ಮೇಲಿಟ್ಟಳು. ಇನ್ನು ಮುಂದೆ ಕನ್ನಡಕಕ್ಕೆ ಆ ಮನೆಯಲ್ಲಿ ಬಚ್ಚಿಡುವ ಜಾಗ ಇರಲಿಲ್ಲ.

ಕಣ್ಣಿನ ಗಾಯ ಮಾಯಲು ಹಲವು ದಿನ ಹಿಡಿಯಿತು. ಮಾದ ಮೇಲೆ ನಾನೊಬ್ಬಳೇ ಶಿವಮೊಗ್ಗಕ್ಕೆ ಹೋಗಿ ಅದೇ ಡಾಕ್ಟರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿದೆ. ಇದಾ, ಅದಾ ಎಂದು ಅವರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಹೇಳಿದೆ. ಬಲಗಣ್ಣಿಗೆ ಎಂಟು, ಎಡಗಣ್ಣಿಗೆ ಎಂಟೂವರೆ ಎಂದು ಬರೆದುಕೊಟ್ಟರು. ಕನ್ನಡಕ ಮಾಡಿಸಿಕೊಂಡೆ.