ಡಬ್ಬ ಇಲ್ಲದ ಮುಚ್ಚಳ

ನನ್ನ ಅಂಗಡಿಯ ಗಲ್ಲಾದ ಹಿಂದೆ ಮೊಳೆಗೆ ತೂಗುಹಾಕಿರುವ ನೀಲಿ ಮುಚ್ಚಳಕ್ಕೆ ನಾನು ಕೊಟ್ಟ ಬೆಲೆ ಎಂಟುನೂರು ರೂಪಾಯಿ, ಒಂದು ಒಳ್ಳೆಯ ಡಬ್ಬ, ಮತ್ತು ಶಾಲೆಯ ಕಿಟಕಿಯ ಹೊರಗೆ ನಿಂತ ಮುಕ್ಕಾಲು ಗಂಟೆ. ಡಬ್ಬವೇ ಇಲ್ಲದ ಮುಚ್ಚಳಕ್ಕೆ ಇಷ್ಟು ತೆತ್ತವರು ಪುಂಜಾಲಕಟ್ಟೆಯಲ್ಲಿ ಬೇರೆ ಯಾರೂ ಇರಲಾರರು. ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರೂ ಇಲ್ಲ ಎಂಬುದನ್ನು ದಯವಿಟ್ಟು ಜೊತೆಗೇ ಓದಿಕೊಳ್ಳಿ.

ನಿನ್ನೆ ಮೂಡುಬಿದಿರೆಯಿಂದ ಬಂದ ಒಬ್ಬ ತಾಯಿ, "ಗಾಳಿ ಸ್ವಲ್ಪವೂ ಆಡದಂಥ ಡಬ್ಬ ಉಂಟಾ?" ಎಂದು ಕೇಳಿದರು.

"ಎಂತ ಹಾಕ್ಲಿಕ್ಕೆ?"

"ಡ್ರೈ ಐಸ್. ಮಗಳ ಶಾಲೆಯಲ್ಲಿ ಹೊಗೆ ಬರಿಸುವ ಪ್ರಯೋಗ ಉಂಟಂತೆ."

ನನ್ನ ಕಣ್ಣು ತಾನಾಗಿಯೇ ಮುಚ್ಚಳದ ಕಡೆ ಹೋಯಿತು. ಅವರಿಗೆ ಸ್ಟೂಲು ಎಳೆದು ಕೊಟ್ಟೆ. ನೀವೂ ಕೂತುಕೊಳ್ಳಿ.

ನಾನು ಪ್ಲಾಸ್ಟಿಕ್ ಸಾಮಾನಿನ ವ್ಯಾಪಾರಿ. ಸಂತೆಯಲ್ಲಿ ಗೋಣಿ ಹಾಸಿ ಮಗ್ಗು ಮಾರಿ ಶುರು ಮಾಡಿದವನು, ಈಗ ಎರಡು ಶಟರಿನ ಅಂಗಡಿ. ನನ್ನ ಹೆಸರು ನಿಂತಿರುವುದೇ ಗಾಳಿ ಹೋಗದ ಡಬ್ಬಗಳ ಮೇಲೆ. "ಹಪ್ಪಳ ಹಾಕಿಡಿ, ಆಟಿ ತಿಂಗಳ ಮಳೆಗೂ ಮೆತ್ತಗಾದರೆ ಡಬ್ಬ ವಾಪಸ್ ತನ್ನಿ" ಎನ್ನುತ್ತೇನೆ. ಈವರೆಗೆ ಒಂದೂ ವಾಪಸ್ ಬಂದಿಲ್ಲ. ಹೀಗೆ ಒಂದೂ ವಾಪಸ್ ಬಾರದ ಮನುಷ್ಯನಿಗೆ ತಲೆ ಸ್ವಲ್ಪ ದೊಡ್ಡದಾಗುತ್ತದೆ.

ವನಿತಾ ಟೀಚರ್ ಶಾಲೆಯಲ್ಲಿ ನನ್ನ ಸಹಪಾಠಿ. ನಾನು ಏಳನೆಯ ತರಗತಿಯಲ್ಲಿ ಎರಡು ವರ್ಷ ಕೂತದ್ದನ್ನು ಇಂದಿಗೂ ಮರೆಯದವರು. ಕೆಲವು ವರ್ಷಗಳ ಹಿಂದೆ ಅವರು ವಾಮದಪದವಿನ ಆಚೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಘನವಸ್ತು ನೀರಾಗದೆ ನೇರ ಗಾಳಿಯಾಗುವುದನ್ನು ಮಕ್ಕಳು ಪುಸ್ತಕದಲ್ಲಿ ಓದಿ ಓದಿ ಸುಸ್ತಾಗಿದ್ದರಂತೆ, ಕಣ್ಣಾರೆ ತೋರಿಸಬೇಕೆಂದು ಅವರಿಗೆ ಆಸೆ. ಹೆಡ್‌ಮಾಸ್ಟ್ರು ಮಾತ್ರ, "ತೋರಿಸಿ. ಆದರೆ ಒಂದು ಮಗುವಿಗೆ ಗೀರು ಬಿದ್ದರೂ ಇನ್ನು ಪ್ರಯೋಗದ ಮಾತೇ ಬೇಡ" ಎಂದಿದ್ದರು.

ವಾರವಾರ ಸಾಮಾನು ತರಲು ಮಂಗಳೂರಿಗೆ ಹೋಗುವ ನನಗೆ ಅದಕ್ಕೆ ಬೇಕಾದ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ತರುವ ಕೆಲಸ ಬಿತ್ತು. ಟೀಚರ್ ಒಂದು ಚೀಟಿಯನ್ನೂ ಕೊಟ್ಟರು. ಸಾಮಾನಿನ ಪಟ್ಟಿ ಇರಬೇಕೆಂದು ಜೇಬಿಗೆ ಹಾಕಿಕೊಂಡೆ.

ಮಂಗಳೂರಿನ ಐಸ್ ಅಂಗಡಿಯವರು ಐದು ಕಿಲೋಗೆ ಸಾವಿರ ಹೇಳಿದರು, ಎಂಟುನೂರಕ್ಕೆ ಇಳಿಸಿದೆ. ಥರ್ಮೋಕೋಲ್ ಪೆಟ್ಟಿಗೆಯನ್ನೂ ಪುಕ್ಕಟೆ ಮಾಡಿಸಿಕೊಂಡೆ. ಸರಕಿನ ಗುಣ ನೋಡೋಣವೆಂದು ಹೆಬ್ಬೆರಳಿನಿಂದ ಒತ್ತಿದ್ದೊಂದು ತಪ್ಪಾಯಿತು. ಕಾದ ಕಾವಲಿ ಮುಟ್ಟಿದ ಹಾಗೆ ಚುರ್ರೆಂದು ಬೊಬ್ಬೆ ಎದ್ದಿತು. ಆಗಲೂ ಚೀಟಿ ಓದಬೇಕೆಂದು ಹೊಳೆಯಲಿಲ್ಲ ನೋಡಿ.

ಪುಂಜಾಲಕಟ್ಟೆಗೆ ಬಂದು ಅಂಗಡಿಯ ತಕ್ಕಡಿಗೆ ಹಾಕಿದರೆ ಮುನ್ನೂರು ಗ್ರಾಂ ಕಡಿಮೆ! ತಕ್ಷಣ ಐಸಿನವರಿಗೆ ಫೋನು ಮಾಡಿದೆ.

"ನಿಮ್ಮ ತೂಕ ಸರಿ ಇಲ್ಲ."

"ಅದು ಆವಿಯಾಗಿ ಹೋಗ್ತದೆ ಸಾರ್. ದಾರಿಯಲ್ಲಿ ಹೋದದ್ದಕ್ಕೆ ನಾನೆಂತ ಮಾಡ್ಲಿ?"

"ಹೋಗದ ಹಾಗೆ ಕಟ್ಟಿಕೊಡ್ಬೇಕಿತ್ತು!" ಎಂದು ಫೋನಿಟ್ಟೆ. ಗಾಳಿಯನ್ನು ತಡೆಯುವುದು ನನಗೆ ಕಲಿಸಬೇಕೇ? ಅಂಗಡಿಯ ಅತಿ ಒಳ್ಳೆಯ ಡಬ್ಬ ತೆಗೆದೆ. ನಾಲ್ಕು ಕ್ಲಿಪ್ಪು, ಒಳಗೆ ರಬ್ಬರ್ ರಿಂಗು. ಐಸನ್ನೆಲ್ಲ ಅದಕ್ಕೆ ಸುರಿದು ಮಂಡಿಯೂರಿ ಒತ್ತಿ ಮುಚ್ಚಿ, ವ್ಯಾನಿನ ಹಿಂದೆ ಇಟ್ಟು ಹೊರಟೆ. ಹತ್ತು ನಿಮಿಷದ ದಾರಿ.

ಶಾಲೆಯ ಅಂಗಳದಲ್ಲಿ ಇಳಿಸಿಡುವಾಗ ಮುಚ್ಚಳ ಪೂರಿಯ ಹಾಗೆ ಉಬ್ಬಿತ್ತು. ನಾನದನ್ನು ನೋಡಿ ಹೆಮ್ಮೆಪಟ್ಟೆ. ಒಂದು ಚೂರೂ ಹೋಗಿಲ್ಲ!

ಟೀಚರ್ ಜಗಲಿಯಿಂದಲೇ ಕಿರುಚಿದರು, "ಮುಟ್ಟಬೇಡ ಮಾರಾಯ! ಬಿಟ್ಟು ಓಡು! ಮಕ್ಕಳೇ, ಎಲ್ಲ ಒಳಗೆ!"

ನಾನು ಗೇಟಿನವರೆಗೆ ಓಡಿದ್ದೆನೋ ಇಲ್ಲವೋ, ಢಬ್ ಎಂದಿತು. ನೀಲಿ ಮುಚ್ಚಳ ಬಿಸಿಯೂಟದ ಅಡುಗೆಮನೆಯ ಹೆಂಚಿನ ಮೇಲೆ ಹೋಗಿ ಕೂತಿತು. ಡಬ್ಬ ಬಾಯಿ ಸೀಳಿಕೊಂಡು ಮಲಗಿತು. ಅಂಗಳದಲ್ಲಿ ಬಿಳಿ ಹೊಗೆ ಹರಿದಾಡಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೆಡ್‌ಮಾಸ್ಟ್ರು ಬಾಗಿಲಲ್ಲಿ ನಿಂತಿದ್ದರು.

"ಆಯ್ತಲ್ಲ ಟೀಚರ್?" ಎಂದರು. "ಇನ್ನು ಪುಸ್ತಕ ಸಾಕು."

ಟೀಚರ್ ಮುಖ ನೋಡಿ ನನಗೆ ಹೆಬ್ಬೆರಳಿನ ಉರಿ ಮರೆತುಹೋಯಿತು. ಜೇಬಿನಿಂದ ಚೀಟಿ ತೆಗೆದು ಹೆಡ್‌ಮಾಸ್ಟ್ರ ಕೈಗಿಟ್ಟೆ. "ಇದರಲ್ಲಿ ಎಂತ ಬರೆದಿದ್ದಾರೋ ನನಗೆ ಗೊತ್ತಿಲ್ಲ ಸರ್. ನಾನು ಓದಲಿಲ್ಲ. ಟೀಚರ್ ತಪ್ಪೋ ನನ್ನ ತಪ್ಪೋ ನೀವೇ ನೋಡಿ."

ಅವರು ಗಟ್ಟಿಯಾಗಿ ಓದಿದರು. ಮೊದಲನೆಯ ಸಾಲೇ, "ಮುಚ್ಚಳ ಬಿಗಿಯಬೇಡ, ಗಾಳಿ ಹೊರಗೆ ಹೋಗಬೇಕು." ಎರಡನೆಯದು, "ಬರಿಗೈಯಲ್ಲಿ ಮುಟ್ಟಬೇಡ." ಮೂರನೆಯದು, "ವ್ಯಾನಿನ ಗ್ಲಾಸು ಇಳಿಸಿರಲಿ." ಕೊನೆಯಲ್ಲಿ, "ನಿನಗೆ ಹೇಳಿದರೆ ಮರೆಯುತ್ತದೆಂದು ಬರೆದುಕೊಟ್ಟಿದ್ದೇನೆ."

ಹೆಡ್‌ಮಾಸ್ಟ್ರು ಚೀಟಿ ಮಡಚಿದರು. "ಪ್ರಯೋಗ ನಡೀಲಿ. ಆದರೆ ಇವರು ಕೋಣೆಯ ಒಳಗೆ ಬರುವುದು ಬೇಡ."

ಭಾರವಾದ ಆ ಗಾಳಿ ನೆಲದ ಮೇಲೆ ತುಂಬಿಕೊಳ್ಳಬಾರದೆಂದು ಟೀಚರ್ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟಿದ್ದರು. ನನ್ನ ಪುಣ್ಯ, ಹೊರಗಿಂದಲೇ ಎಲ್ಲ ಕಾಣಿಸಿತು. ದಪ್ಪ ಗ್ಲೌಸು ಹಾಕಿ ಸೀಳಿದ ಡಬ್ಬದಲ್ಲಿ ಉಳಿದಿದ್ದ ತುಂಡುಗಳನ್ನು ಇಕ್ಕಳದಿಂದ ಹೆಕ್ಕಿ ಬಿಸಿನೀರಿಗೆ ಬಿಟ್ಟರು. ಹೊಗೆ ಮೇಜಿನಿಂದ ಮೆಲ್ಲಗೆ ಇಳಿದು ಬಂತು. ಖಾಲಿ ತಪಲೆಯ ತಳದಲ್ಲಿ ಒಂದು ತುಂಡಿಟ್ಟು ಸೋಪಿನ ಗುಳ್ಳೆ ಬಿಟ್ಟರೆ, ಅದು ತಳ ಮುಟ್ಟದೆ ನಡುವಿನಲ್ಲೇ ತೇಲಿ ನಿಂತಿತು. ಮಕ್ಕಳು ಹೋ ಎಂದರು. ಕಿಟಕಿಯ ಹೊರಗೆ ನಾನೂ ಹೋ ಎಂದೆ. ಹೆಡ್‌ಮಾಸ್ಟ್ರು ತಿರುಗಿ ನೋಡಿದರು.

ಮರುವರ್ಷವೂ ಪ್ರಯೋಗ ನಡೆಯಿತು. ಐಸ್ ತರಲು ಬೇರೆಯವರನ್ನು ಕಳಿಸಿದರು.

ನಿನ್ನೆ ಆ ತಾಯಿಗೆ ನಾನು ಡಬ್ಬ ಮಾರಲಿಲ್ಲ. ಥರ್ಮೋಕೋಲ್ ಪೆಟ್ಟಿಗೆ ತೋರಿಸಿದೆ.

"ಮುಚ್ಚಳ ಸರಿ ಕೂರುವುದಿಲ್ಲವಲ್ಲ, ಸ್ವಲ್ಪ ಕಮ್ಮಿ ಮಾಡಿ" ಎಂದರು.

"ಕೂರದೇ ಇರುವುದಕ್ಕೇ ರೇಟು ಅಕ್ಕ" ಎಂದೆ.

ನೀವು ಡ್ರೈ ಐಸ್ ತರುವುದಾದರೂ ಇಷ್ಟೇ: ಮುಚ್ಚಳವನ್ನು ಸುಮ್ಮನೆ ಮೇಲಿಡಿ, ಒತ್ತಬೇಡಿ. ಬಾಟಲಿಗಂತೂ ಹಾಕಲೇಬೇಡಿ. ಗ್ಲೌಸು, ಇಕ್ಕಳ ದೊಡ್ಡವರ ಕೈಯಲ್ಲೇ ಇರಲಿ, ಮಕ್ಕಳು ದೂರ ನಿಂತು ನೋಡಲಿ. ಗಾಡಿಯ ಗ್ಲಾಸು, ಕೋಣೆಯ ಕಿಟಕಿ ತೆರೆದಿರಲಿ. ಶರಬತ್ತಿಗೆ ಹಾಕಿ ಯಾರಿಗೂ ಕುಡಿಯಲು ಕೊಡಬೇಡಿ. ಉಳಿದದ್ದನ್ನು ಸಿಂಕಿಗೆ ಸುರಿಯದೆ, ಯಾರೂ ಓಡಾಡದ ಬಯಲಲ್ಲಿ ಬಿಡಿ, ತಾನಾಗಿ ಹೋಗುತ್ತದೆ. ಮನೆಗೆ ಬಂದು ತೂಗಬೇಡಿ, ಕಡಿಮೆ ಇದ್ದೇ ಇರುತ್ತದೆ. ಮತ್ತೆ, ಯಾರಾದರೂ ಚೀಟಿ ಕೊಟ್ಟಿದ್ದರೆ ಚೌಕಾಸಿಗಿಂತ ಮೊದಲು ಅದನ್ನು ಓದಿ.