ಸೋಬಾನೆಗೆ ದನಿಗೂಡಿಸಿದ್ದು

ಕಾಲೇಜಿನ ಜಾನಪದ ವಿಭಾಗಕ್ಕೆ ಹಳೆಯ ಹಾಡುಗಳನ್ನು ರೆಕಾರ್ಡ್ ಮಾಡಿಡುವುದು ನನ್ನ ಕೆಲಸ. ಹೂಡಿಯ ಮುನಿಯಮ್ಮಜ್ಜಿಗೆ ಮದುವೆಯ ಸೋಬಾನೆಗಳು ಬರುತ್ತವೆಂದು ತಿಳಿದದ್ದೇ ತಡ, ಊಟ ಬಿಟ್ಟು ಓಡಿದೆ. ಮೈಕ್ ಇಟ್ಟರೆ ಅಜ್ಜಿ ಬಾಯಿಯೇ ಬಿಡಲಿಲ್ಲ.

“ಒಬ್ಳೇ ಎಂಗಮ್ಮ ಪದ ಯೋಳ್ಲಿ? ನಾನಂದಿದ್ದನ್ನ ಇನ್ನೊಬ್ರು ತಿರುಗ್ಸಿ ಅನ್ಬೇಕು. ಜೊತೇಲಿದ್ದೋರು ಯಾರೂ ಉಳೀಲಿಲ್ಲ. ನೀನು ಅಂತೀಯಾ?”

“ನಂಗೆ ಹಾಡೋಕೆ ಬರಲ್ಲ ಅಜ್ಜಿ.”

“ಅಂಗಾದ್ರೆ ನಂಗೂ ಬರಲ್ಲ.”

ಬೇರೆ ದಾರಿಯಿಲ್ಲದೆ ಒಪ್ಪಿಕೊಂಡೆ. ಅವರು ಹೇಳಿದ ಸಾಲನ್ನೇ ನಾನೂ ಹೇಳುತ್ತಾ ಹೋದಂತೆ ಅಜ್ಜಿಯ ದನಿ ಏರಿತು, ಹಾಡಿನ ಹಿಂದೆ ಹಾಡು ಬಂತು. ಹೂಡಿ ಕೆರೆಗೆ ನೀರಿಗೆ ಹೊರಟ ಮದುಮಗಳ ಹಾಡಂತೂ ನಮ್ಮ ಸಂಗ್ರಹದಲ್ಲೇ ಇರಲಿಲ್ಲ. ಖುಷಿಗೆ ನಾನೂ ದನಿ ಏರಿಸಿದೆ.

ಈಗ ಆ ರೆಕಾರ್ಡಿಂಗ್ ಕೇಳಿದ ವಿದ್ಯಾರ್ಥಿಗಳೆಲ್ಲ, “ಅಜ್ಜಿ ಸಕ್ಕತ್ತಾಗಿ ಹಾಡಿದಾರೆ ಮೇಡಂ, ಜೊತೇಲಿ ಹಾಳು ಮಾಡ್ತಿರೋದು ಯಾರು?” ಅನ್ನುತ್ತಾರೆ. ಗೊತ್ತಿಲ್ಲ ಅಂದುಬಿಡುತ್ತೇನೆ.